ತೆಗೆಯುವವರು ಯಾರು?

ಪ್ರಶ್ನೆ ತೀರ ಸರಳವಾಗಿತ್ತು: ನಿಮ್ಮ ರೋಗಿಗಳಲ್ಲಿ ಯಾರ್ಯಾರಿಗೆ ಮೂತ್ರದ ಕೊಳವೆ ಹಾಕಿದೆ? ಅಮೆರಿಕದ ನಾಲ್ಕು ಆಸ್ಪತ್ರೆಗಳ ವೈದ್ಯರ ಮುಂದೆ ಅವರವರ ರೋಗಿಗಳ ಪಟ್ಟಿ ಇಟ್ಟು ಇದನ್ನು ಕೇಳಿದರು. ಬಂದ ಉತ್ತರಗಳನ್ನು ವಾರ್ಡಿನ ವಸ್ತುಸ್ಥಿತಿಯ ಜೊತೆ ತಾಳೆ ನೋಡಿದಾಗ, ಕೊಳವೆ ಇದ್ದ ನೂರು ಸಲದಲ್ಲಿ 28 ಸಲ, ನೋಡಿಕೊಳ್ಳುತ್ತಿದ್ದವರಿಗೇ ಅದು ತಿಳಿದಿರಲಿಲ್ಲ. ಹೊಟ್ಟೆಯೊಳಗಿನ ಗಂಟನ್ನು ಸ್ಕ್ಯಾನ್ ಮಾಡಿ ಹುಡುಕುವ ಮಾತಲ್ಲ ಇದು. ಚೀಲ ಮಂಚದ ಪಕ್ಕದಲ್ಲೇ ತೂಗುತ್ತಿರುತ್ತದೆ, ಅದರಲ್ಲಿ ಹಳದಿ ನೀರು ಎದ್ದು ಕಾಣುತ್ತಿರುತ್ತದೆ, ರೌಂಡ್ಸಿಗೆ ಬಂದವರ ಮೊಣಕಾಲಿಗೆ ತಾಗುವಷ್ಟು ಹತ್ತಿರ.

2000ದಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಈ ಅಧ್ಯಯನದ ಮುಖ್ಯ ಲೇಖಕ ಸಂಜಯ್ ಸೇಂಟ್. ಮಿಶಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ, ಮಾಜಿ ಸೈನಿಕರ ಆಸ್ಪತ್ರೆ ಮತ್ತು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ವೈದ್ಯ. ಆಸ್ಪತ್ರೆಯಲ್ಲೇ ತಗಲುವ ಮೂತ್ರನಾಳದ ಸೋಂಕನ್ನು ತಡೆಯುವುದು ಹೇಗೆ ಎಂಬ ವಿಷಯದ ಹಿಂದೆ ಬಹುಕಾಲ ಬಿದ್ದವರು. ಅಧ್ಯಯನದಲ್ಲಿ ಇನ್ನೂ ಒಂದು ವಿವರವಿತ್ತು. ಕೊಳವೆಯ ಸುಳಿವಿಲ್ಲದಿದ್ದವರ ಪ್ರಮಾಣ ವಿದ್ಯಾರ್ಥಿಗಳಲ್ಲಿ ಶೇ. 21, ಆಗಷ್ಟೇ ಡಾಕ್ಟರಾಗಿ ಬಂದ ಇಂಟರ್ನ್‌ಗಳಲ್ಲಿ ಶೇ. 22, ಅವರಿಗಿಂತ ಮೇಲಿನ ರೆಸಿಡೆಂಟ್‌ಗಳಲ್ಲಿ ಶೇ. 27, ಎಲ್ಲರಿಗಿಂತ ಹಿರಿಯರಾದ, ಕೊನೆಯ ತೀರ್ಮಾನ ಯಾರದೋ ಆ ವೈದ್ಯರಲ್ಲಿ ಶೇ. 38. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಅಳತೆಗೆ ಈ ಏರಿಕೆ ಕೂದಲೆಳೆಯಷ್ಟು ಸಾಲದು, ಹಾಗಾಗಿ ಹಿರಿಯರನ್ನು ಹಂಗಿಸಲು ಇದನ್ನು ಬಳಸುವಂತಿಲ್ಲ. ಆದರೂ ಓದಿದವರು ಮರೆಯುವ ಸಾಲಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೊಂದು ಅಂಕಿ. ಕೊಳವೆ ಹಾಕಿಸಿಕೊಂಡಿದ್ದ 117 ಮಂದಿಯಲ್ಲಿ 36 ಮಂದಿಗೆ ಅದರ ಅಗತ್ಯವೇ ಇರಲಿಲ್ಲ. ಈ ಬೇಡದ ಕೊಳವೆಗಳ ವಿಷಯದಲ್ಲಿ ವೈದ್ಯರ ಅರಿವಿಲ್ಲದಿರುವಿಕೆ ಶೇ. 41ಕ್ಕೆ ಏರಿತ್ತು. ಅಂದರೆ ಕಾರಣವಿರುವಷ್ಟು ದಿನ ವಸ್ತು ಕಣ್ಣಿಗೆ ಕಾಣುತ್ತದೆ. ಕಾರಣ ಹೊರಟುಹೋದ ಮೇಲೆ ವಸ್ತು ಅಲ್ಲೇ ಇರುತ್ತದೆ, ಆದರೆ ಅದರ ಮೇಲಿದ್ದ ನೋಟವನ್ನು ಕಾರಣವೇ ತನ್ನ ಜೊತೆ ಒಯ್ದಿರುತ್ತದೆ. ಆಸ್ಪತ್ರೆಯಾಚೆಗೂ ಇದು ನಿಜವಲ್ಲವೇ ಎಂದು ಯೋಚಿಸುತ್ತ ಹೋದರೆ ಕೊನೆಯಿಲ್ಲ. ಮದುವೆಗೆಂದು ಹಾಕಿದ ಚಪ್ಪರ ಮಳೆಗಾಲದವರೆಗೂ ಅಂಗಳದಲ್ಲಿ ಉಳಿದುಬಿಡುವುದು ಮನೆಯವರ ಸೋಮಾರಿತನದಿಂದ ಮಾತ್ರವಲ್ಲ. ಹಾಕುವ ದಿನ ಅದೊಂದು ಕೆಲಸವಾಗಿತ್ತು, ಈಗ ಅದು ಅಂಗಳದ ಭಾಗವಾಗಿದೆ.

ಕೊಳವೆ ಉಂಟುಮಾಡುವ ಕೇಡು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಈ ಕೊಳವೆಗೆ, ಅಂದರೆ ಕ್ಯಾಥೆಟರಿಗೆ, ಫ್ರೆಡರಿಕ್ ಫೋಲಿ ಎಂಬ ಮಿನೆಸೋಟದ ಮೂತ್ರರೋಗ ತಜ್ಞನ ಹೆಸರಿದೆ. 1930ರ ದಶಕದಲ್ಲಿ ಆತ ರೂಪಿಸಿದ ಕೊಳವೆಯ ತುದಿಯಲ್ಲೊಂದು ಪುಟ್ಟ ಬಲೂನು. ಕೊಳವೆ ಮೂತ್ರಕೋಶ ಮುಟ್ಟಿದ ಮೇಲೆ ಬಲೂನಿಗೆ ನೀರು ತುಂಬಿದರೆ ಅದು ಉಬ್ಬಿ ಒಳಗೇ ನಿಲ್ಲುತ್ತದೆ, ಜಾರಿ ಹೊರಬರುವುದಿಲ್ಲ. ಅದಕ್ಕೆ ಮುಂಚೆ ಕೊಳವೆಯನ್ನು ಪಟ್ಟಿ ಅಂಟಿಸಿಯೋ ದಾರ ಕಟ್ಟಿಯೋ ನಿಲ್ಲಿಸಬೇಕಿತ್ತು, ದಿನವೂ ಯಾರಾದರೂ ಅದರ ಕಡೆ ನೋಡಲೇಬೇಕಿತ್ತು. ಫೋಲಿಯ ಜಾಣ್ಮೆ ಆ ತೊಂದರೆ ತಪ್ಪಿಸಿತು. ತಾನಾಗಿಯೇ ಉಳಿಯಬಲ್ಲ ವಸ್ತುವನ್ನು ಮರೆಯುವುದು ಸುಲಭ ಎಂಬುದನ್ನು ಆಗ ಯಾರು ಯೋಚಿಸಿದ್ದಾರು!

ಮೂತ್ರಕೋಶ ತನ್ನನ್ನು ತಾನೇ ತೊಳೆದುಕೊಳ್ಳುವ ಅಂಗ. ತುಂಬುತ್ತದೆ, ಪೂರ್ತಿ ಬರಿದಾಗುತ್ತದೆ, ಒಳಗೆ ನುಸುಳಿದ ಸೂಕ್ಷ್ಮಾಣುಗಳು ಆ ಹರಿವಿನಲ್ಲಿ ಕೊಚ್ಚಿಹೋಗುತ್ತವೆ. ಕೊಳವೆ ಬಂತೆಂದರೆ ಈ ಲಯ ನಿಲ್ಲುತ್ತದೆ. ಮೂತ್ರ ಹನಿಹನಿಯಾಗಿ ಸದಾ ಸೋರುತ್ತಿರುತ್ತದೆ, ಬಲೂನಿನ ಕೆಳಗೆ ಸ್ವಲ್ಪ ನಿಂತೇ ಇರುತ್ತದೆ. ಕೊಳವೆಯ ಹೊರಮೈ ಹಿಡಿದೋ ಒಳಮೈ ಹಿಡಿದೋ ಬ್ಯಾಕ್ಟೀರಿಯಾ ಮೇಲೇರುತ್ತವೆ, ಅದರ ಗೋಡೆಗೆ ಲೋಳೆಯಂಥ ಪದರ ಕಟ್ಟಿಕೊಂಡು ನೆಲೆಸುತ್ತವೆ. ಆ ಪದರದೊಳಗೆ ಔಷಧಿಯ ಆಟ ಅಷ್ಟಾಗಿ ನಡೆಯುವುದಿಲ್ಲ. ಕೊಳವೆ ಇರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಂಭವ ಶೇ. 3ರಿಂದ 7ರಷ್ಟು ಕೂಡುತ್ತ ಹೋಗುತ್ತದೆ. ತಿಂಗಳು ಕಳೆದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಬ್ಯಾಕ್ಟೀರಿಯಾ ಕಂಡ ಮಾತ್ರಕ್ಕೆ ಸೋಂಕು ಎಂದಲ್ಲ, ಜ್ವರವೋ ನೋವೋ ಇಲ್ಲದವರಿಗೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಿಲ್ಲ. ಆದರೆ ಲ್ಯಾಬಿನ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಹೆಸರು ಕಂಡ ಮೇಲೆ ಕೈಕಟ್ಟಿ ಕೂರುವ ಧೈರ್ಯ ಎಷ್ಟು ಜನಕ್ಕಿದೆ?

ಇದೆಲ್ಲ ಹೊಸ ಜ್ಞಾನವೇನಲ್ಲ. 1958ರಲ್ಲೇ ಪಾಲ್ ಬೀಸನ್ ಎಂಬ ಪ್ರಸಿದ್ಧ ವೈದ್ಯ ಕ್ಯಾಥೆಟರಿನ ವಿರುದ್ಧ ನೇರವಾಗಿ ಒಂದು ಸಂಪಾದಕೀಯ ಬರೆದಿದ್ದರು. ಆಗ ಮೂತ್ರ ಬೀಳುತ್ತಿದ್ದುದು ಮಂಚದ ಪಕ್ಕದ ತೆರೆದ ಬಾಟಲಿಗೆ. ನಾಲ್ಕು ದಿನ ಕಳೆಯುವುದರೊಳಗೆ ಬಹುಪಾಲು ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ. 1966ರಲ್ಲಿ ಕ್ಯಾಲ್ವಿನ್ ಕ್ಯೂನಿನ್ ಮತ್ತು ಮೆಕಾರ್ಮಕ್ ಕೊಳವೆಯಿಂದ ಚೀಲದವರೆಗೆ ಎಲ್ಲೂ ಬಾಯಿ ತೆರೆಯದ ಮುಚ್ಚಿದ ವ್ಯವಸ್ಥೆ ಸೋಂಕನ್ನು ಎಷ್ಟು ಮುಂದೂಡುತ್ತದೆಂದು ತೋರಿಸಿದರು. ಇವತ್ತು ನಾವು ನೋಡುವ ಪ್ಲಾಸ್ಟಿಕ್ ಚೀಲ ಆ ಬಗೆಯದೇ. ಆ ಬಳಿಕ ಕೊಳವೆಗೇ ಬೆಳ್ಳಿ ಲೇಪಿಸುವ ಉಪಾಯ ಬಂತು. ಬೆಳ್ಳಿ ಲೇಪದಿಂದ ಪ್ರಯೋಜನವಿದೆಯೆಂದು ಹಳೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ 1998ರಲ್ಲಿ ಹೇಳಿದವರಲ್ಲಿ ಸೇಂಟ್ ಕೂಡ ಒಬ್ಬರು. 2012ರಲ್ಲಿ ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗ, ಅಲ್ಪಕಾಲದ ಬಳಕೆಯಲ್ಲಿ ಬೆಳ್ಳಿಯಿಂದ ಲಾಭವಿಲ್ಲ ಎಂದಿತು. ವಸ್ತುವನ್ನು ಉತ್ತಮಪಡಿಸುವ ದಾರಿ ಅಲ್ಲಿಗೆ ಮಬ್ಬಾಯಿತು. ವಸ್ತು ಇಲ್ಲದಿರುವುದೇ ಒಳ್ಳೆಯದು ಎಂಬ ದಾರಿಯಲ್ಲಿ ಮಾರುವುದಕ್ಕೆ ಏನೂ ಇಲ್ಲ, ಬಹುಶಃ ಅದಕ್ಕೇ ಆ ಕಡೆ ನಡೆದವರು ಕಡಿಮೆ.

ಹಾಗಾದರೆ ಸಮಸ್ಯೆಯ ಬೇರು ಎಲ್ಲಿದೆ? ಕೊಳವೆ ಹಾಕುವುದಕ್ಕೆ ಒಂದು ಗಳಿಗೆ ಇರುತ್ತದೆ, ಒಬ್ಬ ಮನುಷ್ಯ ಇರುತ್ತಾನೆ. ಆಪರೇಷನ್ನಿಗೆ ಮುಂಚೆ, ಅಥವಾ ಮೂತ್ರ ಕಟ್ಟಿಕೊಂಡು ಒದ್ದಾಡುತ್ತ ಎಮರ್ಜೆನ್ಸಿಗೆ ಬಂದಾಗ. ಯಾರೋ ಹೇಳುತ್ತಾರೆ, ಯಾರೋ ಹಾಕುತ್ತಾರೆ, ಕೇಸ್ ಶೀಟಿನಲ್ಲಿ ಒಂದು ಸಾಲು ಬೀಳುತ್ತದೆ. ಅದು ಕೃತ್ಯ. ಮರುದಿನ ಕೊಳವೆ ಇರುವುದು ಕೃತ್ಯವಲ್ಲ. ಅದರ ಮರುದಿನವೂ ಅಲ್ಲ. ಐದನೆಯ ದಿನ ಸೋಂಕಾದರೆ ಆ ಐದನೆಯ ದಿನ ಯಾರು ಏನು ಮಾಡಿದರು ಎಂದು ಹುಡುಕಿದರೆ ಯಾರೂ ಏನೂ ಮಾಡಿಲ್ಲ. ಪಾಪಪುಣ್ಯದ ನಮ್ಮ ಲೆಕ್ಕವೆಲ್ಲ ಮಾಡಿದ್ದನ್ನು ಹಿಡಿದು ನಡೆಯುತ್ತದೆ. ಮಾಡದೆ ಬಿಟ್ಟದ್ದನ್ನೂ ಅಷ್ಟಿಷ್ಟು ಹಿಡಿಯುತ್ತದೆ, ಕರ್ತವ್ಯಲೋಪ ಎನ್ನುತ್ತದೆ. ಮುಂದುವರಿಕೆಯನ್ನು ಮಾತ್ರ ಹಿಡಿಯಲಾರದು, ಏಕೆಂದರೆ ಅದಕ್ಕೆ ಕರ್ತೃವೇ ಇಲ್ಲ. ನಿನ್ನೆಯ ನಿರ್ಧಾರ ಇವತ್ತು ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತಿರುತ್ತದೆ.

ಸೇಂಟ್ ಮತ್ತು ಅವರ ಸಹೋದ್ಯೋಗಿಗಳ ಕೆಲಸದ ಸೊಗಸು ನನಗೆ ಕಾಣುವುದು ಇಲ್ಲಿ. ಅವರು ಈ ಕರ್ತೃವಿಲ್ಲದ ಮುಂದುವರಿಕೆಗೆ ಒಬ್ಬ ಕರ್ತೃವನ್ನು ನೇಮಿಸಲು ಹೊರಟರು. ಉಪಾಯ ಬಲು ಸಾಮಾನ್ಯ. ದಿನಕ್ಕೊಮ್ಮೆ ಕೇಳಿ: ಈ ರೋಗಿಗೆ ಕೊಳವೆ ಇವತ್ತೂ ಬೇಕೇ? ಅಥವಾ ಆದೇಶದಲ್ಲೇ ಗಡುವು ಬರೆದಿಡಿ. ಇಷ್ಟು ದಿನವಾದ ಮೇಲೆ ವೈದ್ಯರು ಹೊಸದಾಗಿ ಕಾರಣ ಕೊಡದಿದ್ದರೆ ಬೇರೆ ಅಪ್ಪಣೆಗೆ ಕಾಯದೆ ಕೊಳವೆ ತೆಗೆಯತಕ್ಕದ್ದು. ತೆಗೆಯಲು ನಿರ್ಧಾರ ಬೇಕಾಗಿದ್ದಲ್ಲಿ ಈಗ ಉಳಿಸಲು ನಿರ್ಧಾರ ಬೇಕು, ಅಷ್ಟೇ ವ್ಯತ್ಯಾಸ. ಆನ್ ಆರ್ಬರಿನ ಜೆನಿಫರ್ ಮೆಡಿಂಗ್ಸ್ ಮತ್ತು ಸಂಗಡಿಗರು 2010ರಲ್ಲಿ 14 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಇಂಥ ನೆನಪೋಲೆಗಳು ಮತ್ತು ಗಡುವಿನ ಆದೇಶಗಳು ಇದ್ದ ಕಡೆ ಕೊಳವೆಯ ಸೋಂಕು ಅರ್ಧಕ್ಕೆ ಇಳಿದಿತ್ತು, ಶೇ. 52ರಷ್ಟು ಕಡಿಮೆ. ಹೊಸ ಔಷಧಿಯೊಂದು ಈ ಫಲ ಕೊಟ್ಟಿದ್ದರೆ ಪತ್ರಿಕೆಗಳ ಮುಖಪುಟದಲ್ಲಿ ಇರುತ್ತಿತ್ತು. ಇದು ಒಂದು ಚೀಟಿ.

ಚೀಟಿಗೆ ಉತ್ತರ ಯಾರು ಕೊಡಬೇಕು ಎಂಬಲ್ಲಿ ವಿಷಯ ಗಂಭೀರವಾಗುತ್ತದೆ. ನಮ್ಮ ಶರಣರು ಅರಿವು ಮತ್ತು ಆಚಾರವನ್ನು ಜೋಡಿಯಾಗಿ ಇಟ್ಟರು. ತಿಳಿದದ್ದು ನಡತೆಯಲ್ಲಿ ಇಳಿಯದಿದ್ದರೆ ಆ ತಿಳಿವಿಗೆ ಬೆಲೆಯಿಲ್ಲ ಎಂದರು. ಅವರ ಕಣ್ಣಮುಂದೆ ಇದ್ದದ್ದು ಒಬ್ಬ ಸಾಧಕ: ಅವನೊಳಗೇ ಅರಿವು, ಅವನ ಕೈಯಲ್ಲೇ ಆಚಾರ, ನಡುವಿನ ಬಿರುಕನ್ನು ಅವನೇ ಮುಚ್ಚಿಕೊಳ್ಳಬೇಕು. ಆಸ್ಪತ್ರೆ ಎಂಬ ಆಧುನಿಕ ಸಂಸ್ಥೆ ಈ ಎರಡನ್ನೂ ಬೇರೆಬೇರೆ ದೇಹಗಳಲ್ಲಿ ಇಟ್ಟಿದೆ. ಕೊಳವೆ ಇದೆಯೆಂಬುದು ನರ್ಸಿಗೆ ಚೆನ್ನಾಗಿ ಗೊತ್ತು, ಪಾಳಿಗೊಮ್ಮೆ ಚೀಲ ಅಳೆದು ಬರೆಯುವವರು ಅವರೇ. ಅದು ಬೇಡವೆಂಬುದೂ ಅವರಿಗೆ ಅನೇಕ ವೇಳೆ ಗೊತ್ತು. ಆದರೆ ತೆಗೆಯುವ ಅಧಿಕಾರ ವೈದ್ಯರದು, ಅವರಿಗೆ ಎಷ್ಟೋ ಸಲ ಕೊಳವೆಯ ಸುಳಿವೇ ಇಲ್ಲ. ಅರಿವಿರುವಲ್ಲಿ ಅಧಿಕಾರವಿಲ್ಲ, ಅಧಿಕಾರವಿರುವಲ್ಲಿ ಅರಿವಿಲ್ಲ. ಇಲ್ಲಿ ಯಾರಿಗೆ ಉಪದೇಶ ಮಾಡುತ್ತೀರಿ? ನರ್ಸ್ ತಪ್ಪಿತಸ್ಥರಲ್ಲ, ವೈದ್ಯರು ಕೆಟ್ಟವರೂ ಅಲ್ಲ. ವ್ಯಕ್ತಿಯ ಅಂತರಂಗ ಶುದ್ಧಿಗೆ ಹೇಳಿದ ಮಾತು ಈ ಬಿರುಕಿಗೆ ತಲುಪುವುದಿಲ್ಲ. 2007ರಲ್ಲಿ ಮಿಶಿಗನ್ ರಾಜ್ಯದ ಆಸ್ಪತ್ರೆಗಳು ಕೂಡಿ ಆರಂಭಿಸಿದ ಕಾರ್ಯಕ್ರಮ ನರ್ಸುಗಳೇ ದಿನವೂ ಕೊಳವೆಯ ಅಗತ್ಯವನ್ನು ಪರಿಶೀಲಿಸಿ ತೆಗೆಸುವಂತೆ ಒತ್ತಾಯಿಸುವುದನ್ನು ನಡುಮಧ್ಯೆ ಇಟ್ಟದ್ದು ಇದಕ್ಕೇ.

ಎಲ್ಲೆಡೆ ಇದನ್ನು ಸಂತೋಷದಿಂದ ಒಪ್ಪಿದರೆಂದಲ್ಲ. ಸೋಂಕು ತಡೆಗೆ ಅಡ್ಡ ನಿಲ್ಲುವ ಜನರ ಬಗ್ಗೆ ಸೇಂಟ್ ತಂಡ 2009ರಲ್ಲಿ ಒಂದು ಲೇಖನ ಬರೆಯಿತು. ಬಹಿರಂಗವಾಗಿ ವಿರೋಧಿಸುವವರು ಒಂದು ಬಗೆ. ಬಾಯಲ್ಲಿ ಬೇಡವೆನ್ನದೆ ಕಡತವನ್ನು ಮೇಜಿನ ಮೇಲೆ ಹಿಡಿದಿಟ್ಟುಕೊಳ್ಳುವವರು ಇನ್ನೊಂದು ಬಗೆ. ಎರಡನೆಯವರಿಗೆ ಅವರು ಕೊಟ್ಟ ಹೆಸರು ಸಂಸ್ಥೆಗೆ ಮಲಬದ್ಧತೆ ತರುವವರು ಎಂದು. ವೈದ್ಯಕೀಯ ನಿಯತಕಾಲಿಕೆಯಲ್ಲಿ ಇಂಥ ಹಾಸ್ಯ ಅಪರೂಪ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದ ಯಾವ ಕನ್ನಡಿಗನಿಗೂ ವಿವರಣೆ ಬೇಕಿಲ್ಲ.

ನಮ್ಮ ಕಡೆಯ ವಾರ್ಡುಗಳಲ್ಲಿ ಚಿತ್ರ ಸ್ವಲ್ಪ ಬೇರೆ. ಇಲ್ಲಿ ಚೀಲ ಖಾಲಿ ಮಾಡುವ ಕೆಲಸ ಎಷ್ಟೋ ಸಲ ಜೊತೆಗಿರುವ ಹೆಂಡತಿಯದೋ ಸೊಸೆಯದೋ ಆಗಿರುತ್ತದೆ. ‘ಸಿಸ್ಟರ್, ಈ ಪೈಪ್ ಯಾವಾಗ ತೆಗೀತೀರಿ?’ ಎಂದರೆ ‘ಡಾಕ್ಟ್ರು ಬರ್ಲಿ ಕಣಮ್ಮ, ಕೇಳ್ತೀನಿ’ ಎಂಬ ಉತ್ತರ. ಡಾಕ್ಟರು ಬಂದು ಬೇರೆಲ್ಲ ನೋಡಿ ಹೋಗಿರುತ್ತಾರೆ. ಆದರೆ ಮನೆಯವರೂ ಪೂರ್ತಿ ನಿರಪರಾಧಿಗಳೆಂದು ನನಗೆ ಅನ್ನಿಸುವುದಿಲ್ಲ. ರಾತ್ರಿ ಮೂರು ಸಲ ಎಬ್ಬಿಸಿ ಬಾತ್‌ರೂಮಿಗೆ ಕರೆದೊಯ್ಯುವುದು, ಒದ್ದೆಯಾದ ಚಾದರ ಬದಲಿಸುವುದು, ಬೆಡ್‌ಪ್ಯಾನ್ ಹಿಡಿಯುವುದು, ಇವೆಲ್ಲ ತಪ್ಪುತ್ತವೆ. ‘ಇದ್ರೆ ಇರ್ಲಿ ಬಿಡಿ, ಅವ್ರಿಗೂ ಆರಾಮ’ ಎನ್ನುವ ಮಾತಿನಲ್ಲಿ ಆ ಆರಾಮ ಯಾರದೆಂದು ಕೇಳುವವರಿಲ್ಲ. ಅನುಕೂಲ ಬೆರೆತ ಮರೆವು ಗಟ್ಟಿಯಾಗಿರುತ್ತದೆ, ನೆನಪಿಸಿದರೂ ಹೋಗುವುದಿಲ್ಲ. ಅಮೆರಿಕದಲ್ಲೂ ಇದೇ ಕಥೆ. 2002ರಲ್ಲಿ ಸೇಂಟ್, ಲಿಪ್ಸ್ಕಿ ಮತ್ತು ಗೂಲ್ಡ್ ಒಂದು ಪುಟ್ಟ ಬರಹದಲ್ಲಿ, ಮೂತ್ರದ ಕೊಳವೆಯನ್ನು ರೋಗಿಯನ್ನು ಮಂಚಕ್ಕೆ ಕಟ್ಟಿಹಾಕುವ ಪಟ್ಟಿಯ ಜೊತೆ ಹೋಲಿಸಿದರು. ಕೈಕಾಲು ಕಟ್ಟುವ ಪಟ್ಟಿಗೆ ಅನುಮತಿ ಬೇಕು, ದಾಖಲೆ ಬೇಕು, ಮತ್ತೆಮತ್ತೆ ಪರಿಶೀಲನೆ ಬೇಕು. ಒಂದೇ ಬಿಂದುವಿನಲ್ಲಿ ಕಟ್ಟಿಹಾಕುವ ಈ ಕೊಳವೆಗೆ ಅದೇಕೆ ಬೇಡ ಎಂಬುದು ಅವರ ಪ್ರಶ್ನೆ. ಎದ್ದು ನಾಲ್ಕು ಹೆಜ್ಜೆ ನಡೆಯಬೇಕಾದ ಮುದುಕ ಚೀಲದ ಅಂಜಿಕೆಯಿಂದ ಮಲಗಿಯೇ ಇರುತ್ತಾನೆ, ಮಲಗಿದ್ದರಿಂದ ಇನ್ನಷ್ಟು ಸೋಲುತ್ತಾನೆ.

ದುಡ್ಡಿನ ದಂಡದಿಂದ ನೆನಪು ಬಂದೀತೇ? 2008ರ ಅಕ್ಟೋಬರಿನಿಂದ ಅಮೆರಿಕದ ಮೆಡಿಕೇರ್ ವಿಮೆ, ಆಸ್ಪತ್ರೆಯಲ್ಲಿ ತಗಲಿದ ಇಂಥ ಸೋಂಕಿನ ಹೆಚ್ಚುವರಿ ಖರ್ಚು ಕೊಡುವುದಿಲ್ಲ ಎಂದಿತು. ಮೆಡಿಂಗ್ಸ್ ಮಿಶಿಗನ್ನಿನ 2009ರ ಬಿಲ್ಲುಗಳನ್ನು ಜಾಲಾಡಿದಾಗ 7.8 ಲಕ್ಷ ದಾಖಲಾತಿಗಳಲ್ಲಿ ಹಣ ಕಡಿತವಾಗಿದ್ದುದು 25ಕ್ಕೆ. ಸೋಂಕು ಬಿಲ್ಲಿನ ಸಂಕೇತಗಳಲ್ಲಿ ಹಾಗೆಂದು ದಾಖಲಾಗುತ್ತಲೇ ಇರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

2016ರ ಜೂನಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಫಲಿತಾಂಶ ಸೇಂಟ್ ಅವರ ಕೆಲಸದ ಶಿಖರ ಎನ್ನಬೇಕು. ದಿನವೂ ಕೊಳವೆಯ ಅಗತ್ಯವನ್ನು ಕೇಳುವ ಇಂಥದೇ ಕಾರ್ಯಕ್ರಮ, 603 ಆಸ್ಪತ್ರೆಗಳು, 926 ವಾರ್ಡುಗಳು. ಸಾಮಾನ್ಯ ವಾರ್ಡುಗಳಲ್ಲಿ ಸಾವಿರ ಕೊಳವೆ-ದಿನಗಳಿಗೆ 2.28 ಇದ್ದ ಸೋಂಕು 1.54ಕ್ಕೆ ಇಳಿಯಿತು. ಐಸಿಯುಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಈ ಎರಡನೆಯ ವಾಕ್ಯವನ್ನು ಅವರು ಅಡಿಟಿಪ್ಪಣಿಗೆ ತಳ್ಳದೆ ಸಾರಾಂಶದಲ್ಲೇ ಬರೆದಿದ್ದಾರೆ. ಐಸಿಯುವಿನಲ್ಲಿ ಮರೆವಿನ ಪ್ರಶ್ನೆಯೇ ಇರುವುದಿಲ್ಲವಲ್ಲ: ಗಂಟೆಗೊಮ್ಮೆ ಮೂತ್ರದ ಪ್ರಮಾಣ ನೋಡಬೇಕು, ಅದಕ್ಕೆ ಕೊಳವೆ ಬೇಕು, ಎಲ್ಲರಿಗೂ ಅದು ಗೊತ್ತು. ಅಲ್ಲಿ ‘ಇವತ್ತೂ ಬೇಕೇ’ ಎಂದರೆ ‘ಬೇಕು’ ಎಂಬ ಉತ್ತರ ಸಿದ್ಧವಾಗಿದೆ. ನೆನಪೋಲೆ ಮರೆವನ್ನು ಗೆಲ್ಲಬಹುದು. ನಂಬಿಕೆಯ ಮುಂದೆ ಅದು ಬರೀ ಇನ್ನೊಂದು ಫಾರಂ. ಪ್ರತಿದಿನ ಗುರುತು ಹಾಕಬೇಕಾದ ಚೌಕವನ್ನು ಕೈ ತಾನಾಗಿಯೇ ತುಂಬುತ್ತದೆ. ಕೊಳವೆಗೆ ಆದದ್ದೇ ಕೊಳವೆಯನ್ನು ನೆನಪಿಸುವ ಚೀಟಿಗೂ ಆಗುತ್ತದೆ.

ಸೇಂಟ್ ಈ ಅಪಾಯವನ್ನು ಬಲ್ಲರು ಎಂದು ತೋರುತ್ತದೆ. 2013ರಲ್ಲಿ ಅವರೂ ಸಹಲೇಖಕರಾಗಿದ್ದ ಒಂದು ಲೇಖನ, ನರ್ಸ್ ಹಾಸಿಗೆಯ ಬಳಿ ಹೋಗುವಾಗ ಮನಸ್ಸಿಟ್ಟು ನೋಡುವುದನ್ನೇ, ಧ್ಯಾನದವರು ಹೇಳುವ ಸಾವಧಾನವನ್ನೇ, ಸೋಂಕು ತಡೆಯುವ ವಿಧಾನವಾಗಿ ಮುಂದಿಡುತ್ತದೆ. ಸಂಖ್ಯೆಗಳ ಮನುಷ್ಯ ಇಲ್ಲಿಗೆ ಬಂದದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ನನಗೆ ಅದು ಬೇರೆ ದಾರಿ ಕಾಣದೆ ಇಟ್ಟ ಹೆಜ್ಜೆಯಂತೆ ಕಾಣುತ್ತದೆ. ವ್ಯವಸ್ಥೆಯನ್ನು ನಂಬಿದರೆ ಅದು ಅಭ್ಯಾಸವಾಗಿ ಜಡಗಟ್ಟುತ್ತದೆ, ಎಚ್ಚರವನ್ನು ನಂಬಿದರೆ ಅದು ಪಾಳಿಯ ಹತ್ತನೆಯ ಗಂಟೆಯಲ್ಲಿ ತೂಕಡಿಸುತ್ತದೆ. ಮೂವತ್ತು ರೋಗಿಗಳಿಗೆ ಒಬ್ಬ ನರ್ಸ್ ಇರುವ ವಾರ್ಡಿನಲ್ಲಿ ನಿಂತು ಸಾವಧಾನದ ಮಾತಾಡಲು ನನಗಂತೂ ಸಂಕೋಚ. ಎಚ್ಚರಕ್ಕೆ ಬಿಡುವು ಬೇಕು, ಬಿಡುವಿಗೆ ಜನ ಬೇಕು, ಜನಕ್ಕೆ ಸಂಬಳ ಬೇಕು.

ಇಷ್ಟೆಲ್ಲದರ ನಡುವೆ ಕೊಳವೆಯನ್ನು ಒಂದು ಕ್ಷಣವೂ ಮರೆಯದ ಒಬ್ಬರಿದ್ದಾರೆ. ಅವರನ್ನು ವ್ಯವಸ್ಥಿತವಾಗಿ ಕೇಳಿದ್ದು ತಡವಾಗಿ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೇಂಟ್ ತಂಡ ಕೊಳವೆ ಹಾಕಿಸಿಕೊಂಡ 2,076 ರೋಗಿಗಳನ್ನು 14ನೆಯ ದಿನ ಮತ್ತು 30ನೆಯ ದಿನ ಮಾತಾಡಿಸಿತು, ಹೆಚ್ಚಿನವರು ಅಷ್ಟರಲ್ಲಿ ಕೊಳವೆ ತೆಗೆಸಿಕೊಂಡಾಗಿತ್ತು. ಶೇ. 57 ಮಂದಿ ಒಂದಲ್ಲ ಒಂದು ತೊಂದರೆ ಹೇಳಿದರು. ಸೋಂಕಿಗೆ ಸೇರಿದ ತೊಂದರೆ ಶೇ. 10.5 ಮಂದಿಗೆ. ನೋವು, ರಕ್ತ, ಸೋರುವಿಕೆ, ತೆಗೆದ ಮೇಲೆ ಹಿಡಿತ ಸಿಗದಿರುವುದು, ಹೀಗೆ ಸೋಂಕಲ್ಲದ ತೊಂದರೆಗಳು ಶೇ. 55 ಮಂದಿಗೆ, ಅಂದರೆ ಐದು ಪಟ್ಟು. ಆಸ್ಪತ್ರೆಗಳು ಲೆಕ್ಕ ಕೊಡುವುದು, ದಂಡದ ಭಯ ಪಡುವುದು, ಯೋಜನೆ ಹೂಡುವುದು ಎಲ್ಲವೂ ಆ ಹತ್ತರ ಸುತ್ತ. ಉಳಿದದ್ದನ್ನೂ ಎಣಿಸಲು ಆರಂಭಿಸಿದರೆ ಐಸಿಯುವಿನಲ್ಲಿ ಬಾಯಿಪಾಠದಂತೆ ಬರುವ ‘ಬೇಕು’ ಎಂಬ ಉತ್ತರವನ್ನು ಇನ್ನೊಮ್ಮೆ ತೂಗಬೇಕಾದೀತು. ಆಗ ತಕ್ಕಡಿಯ ಒಂದು ತಟ್ಟೆಯಲ್ಲಿ ಗಂಟೆಗೊಮ್ಮೆ ಬರೆಯುವ ಮಿಲಿಲೀಟರು ಇದ್ದರೆ ಇನ್ನೊಂದರಲ್ಲಿ ಬ್ಯಾಕ್ಟೀರಿಯಾದ ಜೊತೆಗೆ ಮಲಗಿರುವವರ ಉರಿಯೂ ಇರುತ್ತದೆ, ಮತ್ತು ಅದೆಷ್ಟು ಎಂದು ಹೇಳಬಲ್ಲವರು ಅವರೊಬ್ಬರೇ.